ಹಸಿರು ದೀಪ ಬರುವವರೆಗೆ ಕಾಳು ಹಾಕತಕ್ಕದ್ದಲ್ಲ

ವಿಸ್ಕಾನ್ಸಿನ್ ರಾಜ್ಯದ ಮುಲ್ಡೂನ್ ಫಾಲ್ಸ್ ಊರಿನಲ್ಲಿ, ಶ್ರೀ ಎಲ್ಡನ್ ಸ್ಟೆನೆರುಡ್ ಅವರ ಮನೆಯ ನೆಲಮಾಳಿಗೆಯಲ್ಲಿ ಸ್ಥಾಪಿತವಾಗಿರುವ ವಿದ್ಯುತ್ ಚಾಲಿತ ಬಿಯರ್ ತಯಾರಿಕಾ ವ್ಯವಸ್ಥೆಯಲ್ಲಿ ಇಂದಿನವರೆಗೆ ಯಾವುದೇ ದೋಷ ಕಂಡುಬಂದಿರುವುದಿಲ್ಲ. ಬಿಯರ್ ಸಹ ಕಂಡುಬಂದಿರುವುದಿಲ್ಲ. ಎರಡಕ್ಕೂ ವೈರಿಂಗ್ ಉಪಸಮಿತಿಯೇ ಕಾರಣ. ಮುಲ್ಡೂನ್ ಫಾಲ್ಸ್ ಮನೆಬಿಯರ್ ಸಂಘದ ಕಾರ್ಯದರ್ಶಿಯಾಗಿ ಎರಡನ್ನೂ ನಾನು ಹೆಮ್ಮೆಯಿಂದಲೇ ವರದಿ ಮಾಡುತ್ತಿದ್ದೇನೆ. ಊರಲ್ಲಿ ಕೆಲವರು ಏನೇನೋ ಮಾತಾಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಆಡುವವರ ಬಾಯಿಗೆ ಬೀಗ ಹಾಕಲು ನಮ್ಮ ನಿಯಮಾವಳಿಯಲ್ಲಿ ಅವಕಾಶವಿಲ್ಲ.

ಎಲ್ಡನ್ ಸಭೆಯಲ್ಲಿ ನನಗೆ 'ಅವರು', ಹೊರಗೆ 'ಅವನು'. ಒಂದೇ ಬೀದಿಯವರು ನಾವು. ಮನೆಯಲ್ಲೇ ಬಿಯರ್ ಕುದಿಸುವುದು ಮೊದಲಿನಿಂದಲೂ ಅವನ ಹುಚ್ಚು, ಚೀಸ್ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅದೇ ಅವನ ಜೀವ. ಆ ಬಿಯರ್ ಕುಡಿಯುವುದು ಮಾತ್ರ ನಮ್ಮೆಲ್ಲರ ಜೀವ ತೆಗೆಯುತ್ತಿತ್ತು. ಒಂದು ಸಲ ಬೇಯಿಸಿದ ಎಲೆಕೋಸಿನ ವಾಸನೆ ಬಂದರೆ, ಇನ್ನೊಂದು ಸಲ ಮಳೆಯಲ್ಲಿ ನೆನೆದ ರಟ್ಟಿನ ಡಬ್ಬದ್ದು ಬರುತ್ತಿತ್ತು. ಆದರೆ ನಮ್ಮ ಕಡೆ ಯಾರೂ ಯಾವುದನ್ನೂ ಚೆನ್ನಾಗಿಲ್ಲ ಅನ್ನುವುದಿಲ್ಲ. 'ಬೇರೆ ಥರ ಇದೆ' ಅನ್ನುತ್ತೇವೆ. ಅದಕ್ಕಿಂತ ದೊಡ್ಡ ಬೈಗುಳ ನಮ್ಮ ಊರಲ್ಲಿ ಇಲ್ಲ. ಎಲ್ಡನ್ ಇದನ್ನು ವರ್ಷಗಟ್ಟಲೆ ಹೊಗಳಿಕೆ ಅಂದುಕೊಂಡೇ ಬಂದ. ಅವನು ಯಾರದಾದರೂ ಸಮಾರಂಭಕ್ಕೆ ಪೀಪಾಯಿ ಒಯ್ದರೆ, ಅದು ಹೋದಷ್ಟೇ ಭಾರವಾಗಿ ವಾಪಸು ಬರುತ್ತಿತ್ತು. ಜನ ಸಂಕೋಚದವರು ಅಂತ ಹೇಳಿಕೊಳ್ಳುತ್ತಿದ್ದ.

ನವೆಂಬರಿನಲ್ಲಿ, ಜಿಂಕೆ ಬೇಟೆಯ ಕಾಲಕ್ಕೆ, ಮಗಳು ಕಿರ್ಸ್ಟನ್ ಊರಿಗೆ ಬಂದಳು. ಮುಂದಿನ ಜೂನ್ ತಿಂಗಳಲ್ಲಿ ತನ್ನ ಮದುವೆ, ಬಿಯರನ್ನು ಅಪ್ಪನೇ ಮಾಡಬೇಕು, ಅಂಗಡಿಯಿಂದ ಒಂದು ಬಾಟಲಿಯೂ ತರಕೂಡದು ಅಂದಳು. ಚಿಕ್ಕಂದಿನಲ್ಲಿ ಅಪ್ಪ ತುಂಬಿಸಿದ ಬಾಟಲಿಗಳಿಗೆ ಮುಚ್ಚಳ ಒತ್ತುತ್ತಿದ್ದವಳು ಅವಳೇ. ಎಲ್ಡನ್ ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಂಡು, ಆಗಲಿ ಅಂದ. ಮಗಳಿಗೆ ಕೊಟ್ಟ ಮಾತು ಅದು. ಮುಂದೆ ನಡೆದದ್ದೆಲ್ಲ ಆ ಮಾತು ಉಳಿಸಿಕೊಳ್ಳುವುದಕ್ಕೇ ನಡೆದದ್ದು, ಇದನ್ನು ಯಾರೂ ಮರೆಯಬಾರದು.

ಅದುವರೆಗೂ ಅವನು ಗ್ಯಾರೇಜಿನಲ್ಲಿ ಗ್ಯಾಸ್ ಒಲೆ ಇಟ್ಟು ಕುದಿಸುತ್ತಿದ್ದ. ಮದುವೆಯ ಬಿಯರ್ ಅಭ್ಯಾಸಕ್ಕೆಂದು ಉರಿ ಜೋರು ಮಾಡಿದ ದಿನ ಗ್ಯಾರೇಜಿನ ಬಾಗಿಲ ಬಣ್ಣ ಸುಲಿಯಿತು, ಕ್ರಿಸ್ಮಸ್ಸಿಗೆ ನಿಲ್ಲಿಸುವ ಪ್ಲಾಸ್ಟಿಕ್ ಜಿಂಕೆಗಳು ಕರಗಿ ಒಂದಕ್ಕೊಂದು ಅಂಟಿಕೊಂಡವು. ಅವನ ಹೆಂಡತಿ ಮಾರ್ಲಿಸ್ ಕೂಗಾಡುವವರಲ್ಲ. ಈ ಮನೆಯಲ್ಲಿ ಬೆಂಕಿ ಇರಬೇಕೋ ತಾನಿರಬೇಕೋ ಯೋಚನೆ ಮಾಡು, ಅವಸರವಿಲ್ಲ, ಊಟದ ಹೊತ್ತಿಗೆ ಹೇಳಿದರೆ ಸಾಕು ಅಂದರು. ಎಲ್ಡನ್ ಊಟಕ್ಕೆ ಮುಂಚೆಯೇ ಸಂಘಕ್ಕೆ ಫೋನ್ ಮಾಡಿದ. ವಿದ್ಯುತ್ತಿನಿಂದ ಬಿಯರ್ ಕುದಿಸುವ ವ್ಯವಸ್ಥೆಯನ್ನು ಸಂಘದ ವತಿಯಿಂದ ಯೋಜಿಸಿ, ವೈರಿಂಗ್ ಮಾಡಿ, ಅವನ ನೆಲಮಾಳಿಗೆಯಲ್ಲಿ ನಿಲ್ಲಿಸುವುದೆಂದು ಆ ವಾರವೇ ತೀರ್ಮಾನವಾಯಿತು.

ವೈರಿಂಗ್ ಉಪಸಮಿತಿಯ ಅಧ್ಯಕ್ಷರಾಗಿ ಡ್ವೇನ್ ಪಿಶ್ಕೆ ಅವಿರೋಧವಾಗಿ ಆಯ್ಕೆಯಾದರು. ಇವರು ಕೌಂಟಿಯ ರಸ್ತೆ ಇಲಾಖೆಯಲ್ಲಿ ಟ್ರಾಫಿಕ್ ಸಿಗ್ನಲ್ ನೋಡಿಕೊಳ್ಳುತ್ತಿದ್ದವರು. ನಮ್ಮಲ್ಲಿ ಇರುವುದು ಒಂದೇ ಸಿಗ್ನಲ್, ನಿವೃತ್ತಿಯವರೆಗೂ ಅದನ್ನೇ ನೋಡಿಕೊಂಡರು. ಅವರ ಕಾಲದಲ್ಲಿ ಅಲ್ಲಿ ಒಂದೇ ಒಂದು ಅಪಘಾತ ಆಗಲಿಲ್ಲ, ಏಕೆಂದರೆ ಅದು ಹೆಚ್ಚಿನ ಹೊತ್ತು ನಾಲ್ಕೂ ಕಡೆಗೆ ಕೆಂಪೇ ತೋರಿಸುತ್ತಿತ್ತು. ಇಂಥ ಅನುಭವಿ ಸಿಕ್ಕಿದ್ದು ನಮ್ಮ ಪುಣ್ಯ.

ಬಿಯರಿಗೆ ಮೂರು ಹಂಡೆ ಬೇಕು. ಒಂದರಲ್ಲಿ ನೀರು ಕಾಯಬೇಕು, ಇನ್ನೊಂದರಲ್ಲಿ ಆ ಬಿಸಿನೀರಿಗೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ ಕಾಳು ನೆನೆಯಬೇಕು, ಮೂರನೆಯದರಲ್ಲಿ ಅದರಿಂದ ಬಸಿದ ರಸ ಹಾಪ್ಸ್ ಹೂವಿನ ಜತೆ ಕುದಿಯಬೇಕು. ನೀರು ಕಾಯಿಸುವ ಕರೆಂಟಿನ ಕಾಯಿಲು ಮೊದಲನೆಯದಕ್ಕೂ ಕೊನೆಯದಕ್ಕೂ ಇರುತ್ತದೆ. ಆದರೆ ಅಷ್ಟು ಕರೆಂಟು ಕೊಡುವ ಪ್ಲಗ್ಗು ಆ ನೆಲಮಾಳಿಗೆಯಲ್ಲಿ ಇದ್ದದ್ದು ಒಂದೇ, ಅದೂ ಮಾರ್ಲಿಸ್ ಅವರ ಬಟ್ಟೆ ಒಣಗಿಸುವ ಯಂತ್ರದ್ದು. ಎರಡು ಕಾಯಿಲನ್ನೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಒಂದು ಸ್ವಿಚ್ಚು ಇಟ್ಟು ಈ ಕಡೆಗೋ ಆ ಕಡೆಗೋ ತಿರುಗಿಸಿಕೊಂಡರೆ ಮುಗಿಯಿತಲ್ಲ ಅಂತ ಎಲ್ಡನ್ ಅಂದ. ಅಧ್ಯಕ್ಷರು ಅವನನ್ನು ಕನಿಕರದಿಂದ ನೋಡಿದರು.

"ಹಂಡೆ ಎರಡು, ದಾರಿ ಒಂದು. ಇದು ಕ್ರಾಸಿಂಗು ಕಣಯ್ಯಾ," ಅಂದರು. "ಕ್ರಾಸಿಂಗ್‌ನ ಮನುಷ್ಯನ ಕೈಗೆ ಬಿಟ್ಟರೆ ಏನಾಗುತ್ತೆ ಅಂತ ನಾನು ನೋಡಿದೀನಿ."

ಹೀಗೆ ಪ್ರತಿ ಹಂಡೆಗೂ ಕೆಂಪು, ಹಳದಿ, ಹಸಿರು ದೀಪ ಮಂಜೂರಾದವು. ಹಸಿರು ಬರಲಿದೆ ಎಂದು ತಿಳಿಸಲು ಹಳದಿ, ಹಳದಿ ಬರಲಿದೆ ಎಂದು ತಿಳಿಸಲು ಮಿನುಗುವ ಹಳದಿ. ದೀಪಗಳು ಸರಿಯಾಗಿವೆ ಎಂದು ತೋರಿಸಲು ಒಂದು ನೀಲಿ ದೀಪ. ನೀಲಿ ದೀಪವೇ ಕೆಟ್ಟರೆ ಏನು ಗತಿ ಎಂದು ಸದಸ್ಯರೊಬ್ಬರು ಕೇಳಿದ್ದರಿಂದ ಅದಕ್ಕೊಂದು ಗಂಟೆ. ನಕ್ಷೆ ಮೊದಲು ಫ್ರಿಜ್ಜಿನ ಬಾಗಿಲ ಮೇಲಿತ್ತು, ಆಮೇಲೆ ಊಟದ ಮೇಜಿಗೆ ಬಂತು, ಕೊನೆಗೆ ಪಿಂಗ್‌ಪಾಂಗ್ ಮೇಜಿನ ಮೇಲೆ ಹಾಸಿ ನಾಲ್ಕು ಮೂಲೆಗೂ ವಿನೆಗರಿನಲ್ಲಿ ನೆನೆಸಿಟ್ಟ ಮೊಟ್ಟೆಯ ಜಾಡಿ ಇಡಬೇಕಾಯಿತು. ಒಂದು ಶನಿವಾರದ ಮಟ್ಟಿಗೆ ಎಂದು ಬಟ್ಟೆ ಯಂತ್ರದ ಪ್ಲಗ್ಗು ಕಿತ್ತವರು ಅದನ್ನು ಮತ್ತೆ ಹಾಕಲಿಲ್ಲ. ಮಾರ್ಲಿಸ್ ಹಂಡೆಯಿಂದ ಹಂಡೆಗೆ ಹೋಗುವ ಕೊಳವೆಗಳ ಮೇಲೆ ಒದ್ದೆ ಬಟ್ಟೆ ಹರವತೊಡಗಿದರು. ನಾವು ಎಲ್ಡನ್‌ನ ಒಳಚಡ್ಡಿಗಳನ್ನು ಪಕ್ಕಕ್ಕೆ ಸರಿಸಿಕೊಂಡು ಮೀಟರ್ ಓದುತ್ತಿದ್ದೆವು.

ದೀಪ, ಸ್ವಿಚ್ಚುಗಳನ್ನು ಕೂರಿಸಿದ ಪ್ಯಾನೆಲ್ಲಿನ ನಡುವೆ ಎಲ್ಲವನ್ನೂ ಒಮ್ಮೆಗೇ ನಿಲ್ಲಿಸುವ ಕೆಂಪು ಗುಂಡಿ ಇದೆ. ಯಾರೆಂದರೆ ಅವರು ಒತ್ತಿದರೆ ಶಿಸ್ತು ಉಳಿಯುವುದಿಲ್ಲವಾದ್ದರಿಂದ, ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸಿದ ಮೇಲೆಯೇ ಅದನ್ನು ಒತ್ತತಕ್ಕದ್ದೆಂದು ನಿಯಮವಾಯಿತು. ಫೆಬ್ರವರಿಯಲ್ಲಿ ಹಂಡೆಯಿಂದ ಹಂಡೆಗೆ ನೀರು ಎತ್ತುವ ಪಂಪಿನ ಕೊಳವೆ ಕಳಚಿ ಬಿಸಿನೀರು ಚಿಮ್ಮಿದಾಗ ಈ ನಿಯಮದ ಉಪಯುಕ್ತತೆ ಸಾಬೀತಾಯಿತು. ಎಲ್ಡನ್ ಸೂಚಿಸಿದ. ಅನುಮೋದಿಸಬೇಕಾದವರು ಮೇಜಿನ ಮೇಲೆ ಹತ್ತಿದ್ದರು, ಆದರೂ ಅನುಮೋದಿಸಿದರು. 'ಒತ್ತುವುದು' ಎಂಬಲ್ಲಿ 'ನಿಧಾನವಾಗಿ ಒತ್ತುವುದು' ಎಂದು ಅಧ್ಯಕ್ಷರು ತಿದ್ದುಪಡಿ ತಂದರು. ತಿದ್ದುಪಡಿ ಮತಕ್ಕೆ ಬರುವಷ್ಟರಲ್ಲಿ ಹಂಡೆಯಲ್ಲಿ ನೀರೇ ಮುಗಿದಿತ್ತು. ಗುಂಡಿ ಇಂದಿಗೂ ಹೊಚ್ಚ ಹೊಸದಾಗಿಯೇ ಇದೆ.

ಇಷ್ಟೆಲ್ಲ ಆಗುವಾಗ ಎಲ್ಡನ್ ತನ್ನ ಹಳೆಯ ಹಂಡೆಯಲ್ಲಿ, ಮನೆಯ ಹಿಂದೆ ಹಿಮದಲ್ಲಿ ನಿಂತು, ಒಂದಿಷ್ಟು ಬಿಯರ್ ಕುದಿಸಿಕೊಂಡಿದ್ದರೆ ಆಗುತ್ತಿತ್ತಲ್ಲ ಅಂತ ನೀವು ಕೇಳಬಹುದು. ಅವನಿಗೂ ಆ ಯೋಚನೆ ಬಂದಿತ್ತು. ಆದರೆ ಅಷ್ಟರಲ್ಲಿ ಉಪಸಮಿತಿ ಅದೇ ಹಂಡೆಗೆ ಕಾಯಿಲು ಕೂರಿಸಲು ತೂತು ಕೊರೆದಾಗಿತ್ತು. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ. ಮೊದಲ ತೂತು ಬೇಡದ ಕಡೆ ಬಿತ್ತು, ಅದಕ್ಕೆ ಉಷ್ಣಮಾಪಕ ಸಿಕ್ಕಿಸಲಾಯಿತು. ಎರಡನೆಯದು ದೊಡ್ಡದಾಯಿತು, ಅದನ್ನು ನಲ್ಲಿಗೆ ಬಿಡಲಾಯಿತು. ಮೂರನೆಯದಕ್ಕೆ ಕಾಯಿಲು ಸರಿಯಾಗಿ ಕೂತಿತು. ಇನ್ನು ಆ ಹಂಡೆಯನ್ನು ಯಾವ ಒಲೆಯ ಮೇಲೆ ಇಟ್ಟರೂ ತೂತುಗಳ ರಬ್ಬರ್ ಕರಗಿ, ನೀರು ಸೋರಿ ಒಲೆಯೇ ಆರುವುದು ಖಚಿತವಿತ್ತು. ಎಲ್ಡನ್ ಅದರ ಹೊಟ್ಟೆ ಸವರಿ, ಇನ್ನು ಇದೇ ದಾರಿ ಅಂದ.

ವಿದ್ಯುತ್ ವ್ಯವಸ್ಥೆ ಕಟ್ಟುವ ಎಲ್ಲರೂ ಮೊದಲು ಬರೀ ನೀರು ಹಾಕಿ ಪರೀಕ್ಷೆ ಮಾಡುತ್ತಾರೆ. ನಾವೂ ಮಾಡಿದೆವು. ಇನ್ನು ಲೋಟ ಹಿಡಿಯದೆ ಸಭೆಗೆ ಬರುವುದು ನಮ್ಮ ಸಂಘದ ಪದ್ಧತಿಯಲ್ಲ, ಆದ್ದರಿಂದ ಎಲ್ಲರೂ ಆ ನೀರನ್ನು ಲೋಟಕ್ಕೆ ಹಿಡಿದುಕೊಂಡರು. ನಮ್ಮಲ್ಲಿ ಪರೀಕ್ಷೆ ಪಾಸಾದ ಬಿಯರ್ ತೀರ್ಪುಗಾರ್ತಿ ಒಬ್ಬರೇ, ಗ್ಲೆನಿಸ್ ಹೌಗ್. ಅವರಿಗೆ ಏನನ್ನೇ ಆದರೂ ಕುಡಿಯಲು ಬರುವುದು ಒಂದೇ ರೀತಿ. ಲೋಟ ತಿರುಗಿಸಿದರು, ಮೂಸಿದರು, ದೀಪಕ್ಕೆ ಹಿಡಿದರು, ಗುಟುಕು ಕುಡಿದು ಕಣ್ಣು ಮುಚ್ಚಿದರು. ಐವತ್ತಕ್ಕೆ ಹತ್ತೊಂಬತ್ತು ಕೊಟ್ಟರು. ರಬ್ಬರ್ ಮುಂದಾಗಿದೆ, ನಡುವೆ ಬೆಸುಗೆಯ ಮೇಣ, ಕೊನೆಗೆ ತಾಮ್ರ ನಾಲಿಗೆ ಮೇಲೆ ಉಳಿಯುತ್ತದೆ ಅಂದರು.

ಇಲ್ಲಿ ಒಬ್ಬರಾದರೂ 'ಇದು ನೀರಮ್ಮಾ' ಅಂದಿದ್ದರೆ ಕತೆ ಬೇರೆಯಾಗುತ್ತಿತ್ತು. ಯಾರೂ ಅನ್ನಲಿಲ್ಲ, ಮುಖದ ಮೇಲೆ ಹಾಗೆಲ್ಲ ಅನ್ನುವ ಜನ ಅಲ್ಲ ನಾವು. ಹತ್ತೊಂಬತ್ತು ಅಂಕ ಎಂದರೆ ನಪಾಸು, ನಪಾಸಾದ ನೀರಿಗೆ ಕಾಳು ಹಾಕುವುದು ಹೇಗೆ? ಅಧ್ಯಕ್ಷರು ಪ್ಯಾನೆಲ್ಲಿನ ನೆತ್ತಿಯ ಮೇಲೆ ಒಂದು ದೊಡ್ಡ ಹಸಿರು ದೀಪ ಕೂರಿಸಿದರು. ನೀರಿಗೆ ನಲವತ್ತು ಅಂಕ ಬಂದಾಗ ಮಾತ್ರ ಅದು ಬೆಳಗತಕ್ಕದ್ದು, ಅದು ಬೆಳಗಿದಾಗ ಮಾತ್ರ ಹಂಡೆಯಲ್ಲಿ ಕಾಳು ಇರತಕ್ಕದ್ದು, ಅದು ಆರಿದಾಗ ಹಂಡೆಯಲ್ಲಿ ಕಾಳು ಇರತಕ್ಕದ್ದಲ್ಲ ಎಂದು ನಿರ್ಣಯವಾಯಿತು. ಎಲ್ಡನ್ ಕೂಡ ಕೈ ಎತ್ತಿದ. ಮಗಳ ಮದುವೆಗೆ ಒಳ್ಳೆ ನೀರೇ ಇರಲಿ ಅಂತ ಅವನ ಆಸೆ.

ಅಲ್ಲಿಂದ ಪ್ರತಿ ಶನಿವಾರ ನೀರು ಕಾಯಿತು, ಅಂಕ ಬಂತು. ಕೊಳವೆ ಬದಲಾಯಿತು, ಅಂಕ ಏರಿತು. ಎಲ್ಡನ್ ದೂರದ ಇಂಗ್ಲೆಂಡಿನಲ್ಲಿ ಬಿಯರಿಗೆ ಹೆಸರಾದ ಯಾವುದೋ ಊರ ಬಾವಿಯ ನೀರಿನ ಹಾಗೆ ಆಗಲಿ ಎಂದು ತಕ್ಕಡಿಯಲ್ಲಿ ತೂಗಿ ತೂಗಿ ಜಿಪ್ಸಮ್ ಲವಣ ಹಾಕಿದ, ಅಂಕ ಇನ್ನೂ ಏರಿತು. ಒಂದು ಶನಿವಾರ ಮಾರ್ಲಿಸ್ ಒದ್ದೆ ಟವೆಲಿನ ಬುಟ್ಟಿ ಹಿಡಿದು ಇಳಿದು ಬಂದವರು ಎಲ್ಲವನ್ನೂ ನಿಂತು ನೋಡಿದರು.

"ಎಲ್ಡನ್," ಅಂದರು. "ನೀರು ಕಾಯಿಸೋಕೆ ನಮ್ಮನೇಲಿ ಆಗ್ಲೇ ಒಂದು ಯಂತ್ರ ಇದೆ. ಅದಕ್ಕೇ ಒರಗಿಕೊಂಡು ನಿಂತಿದೀಯ ನೀನು."

ಎಲ್ಲರೂ ತಿರುಗಿ ನೋಡಿದೆವು. ನಿಜ, ಸ್ನಾನದ ನೀರಿನ ಗೀಸರು ಅದು. ಅಧ್ಯಕ್ಷರು ಅದನ್ನು ಸುತ್ತ ಬಂದು ಪರಿಶೀಲಿಸಿ, ಇದಕ್ಕೆ ದೀಪವೇ ಇಲ್ಲವಲ್ಲ ಅಂದರು. ಮಾರ್ಲಿಸ್ ಅವರ ಸಲಹೆಗೆ ಧನ್ಯವಾದ ಸೂಚಿಸುವ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಆಕೆ ಟವೆಲುಗಳನ್ನು ನೀಲಿ ದೀಪದ ಮೇಲೆ ಹಾಕಿ ಮೇಲೆ ಹೋದರು.

ಬಿಯರ್ ಹುಳಿಯೆದ್ದು ಕುಡಿಯುವ ಹದಕ್ಕೆ ಬರಲು ಒಂದು ತಿಂಗಳು ಬೇಕು. ಮೇ ತಿಂಗಳ ಒಂದು ಶನಿವಾರ ದಾಟಿದರೆ ಮದುವೆಗೆ ಬಿಯರ್ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಶನಿವಾರ ಎಲ್ಡನ್ ಬಾರ್ಲಿ ಮೂಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದ. ಮಗು ಎತ್ತಿಕೊಂಡು ಡಾಕ್ಟರ ಬಾಗಿಲಲ್ಲಿ ಕೂತವನ ಹಾಗೆ ಕಾಣುತ್ತಿದ್ದ ಪಾಪ. ಗ್ಲೆನಿಸ್ ಕುಡಿದರು, ಕಣ್ಣು ಮುಚ್ಚಿದರು, ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ ನಲವತ್ತೊಂದು ಅಂದರು. ಅಧ್ಯಕ್ಷರು ಪ್ಯಾನೆಲ್ಲಿನ ಕೀಲಿ ತಿರುಗಿಸಿದರು. ನೆತ್ತಿಯ ಮೇಲಿನ ಹಸಿರು ದೀಪ ಬೆಳಗಿತು. ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು, ಇಡೀ ಉದ್ಯೋಗದಲ್ಲಿ ಅವರು ಹಸಿರು ನೋಡಿದ್ದೇ ಅಪರೂಪ.

ಎಲ್ಡನ್ ಎದ್ದು ಮೂಟೆಯ ಬಾಯಿ ಬಿಚ್ಚಿದ. ಆಗ ಗ್ಲೆನಿಸ್ ಮೆಲ್ಲಗೆ ಕೆಮ್ಮಿದರು. ಈ ಸಂಘದ ಇತಿಹಾಸದಲ್ಲಿ ಯಾವ ಲೋಟಕ್ಕೂ ನಲವತ್ತೊಂದು ಬಂದಿಲ್ಲ, ಕಾಳು ಬಿದ್ದರೆ ಇದು ಉಳಿಯುವ ಭರವಸೆ ತಾನು ಕೊಡಲಾರೆ ಅಂದರು. ಅಧ್ಯಕ್ಷರಿಗೂ ಆಗಲೇ ಹೊಳೆಯಿತು. ಅಂಕ ನಲವತ್ತಕ್ಕಿಂತ ಇಳಿದರೆ ದೀಪ ಆರಬೇಕು, ದೀಪ ಆರಿದರೆ ಹಂಡೆಯಲ್ಲಿ ಕಾಳು ಇರಬಾರದು. ಅಂದರೆ ಕಾಳು ಹಾಕುವುದಕ್ಕೆ ಪೂರ್ಣ ಅನುಮತಿ ಇದೆ, ಹಾಕದೆ ಇರುವವರೆಗೆ.

ಎಲ್ಡನ್ ಮೂಟೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದ. "ನನ್ನ ಬಿಯರಿಗೆ ಇವತ್ತಿನವರೆಗೆ ಹೆಚ್ಚು ಅಂದ್ರೆ ಎಷ್ಟು ಬಂದಿದೆ?"

ಕಾರ್ಯದರ್ಶಿಯಾದ ನನಗೆ ಗೊತ್ತಿತ್ತು. "ಇಪ್ಪತ್ತೆರಡು," ಅಂದೆ. "ಆ ದಿನ ನಿನ್ನ ಹುಟ್ಟುಹಬ್ಬ."

ಅವನು ಹಸಿರು ದೀಪವನ್ನು ನೋಡಿದ, ಹಂಡೆಯಲ್ಲಿ ಹೊಳೆಯುತ್ತಿದ್ದ ನೀರನ್ನು ನೋಡಿದ. 'ಬೇರೆ ಥರ ಇದೆ' ಅಂದರೆ ಏನು ಎಂದು ಆ ಗಳಿಗೆಯಲ್ಲೇ ಅವನಿಗೆ ಅರ್ಥವಾಯಿತು ಅಂತ ಕಾಣುತ್ತದೆ. ಮುಖ ಸಣ್ಣಗಾಯಿತು. ಕಿರ್ಸ್ಟನ್‌ಗೆ ಏನು ಹೇಳಲಿ ಅಂದ, ಯಾರನ್ನೂ ಕೇಳಿದ್ದಲ್ಲ. ಆಮೇಲೆ ಮೂಟೆಯ ಬಾಯಿ ಕಟ್ಟಿ ಗೋಡೆಗೆ ಒರಗಿಸಿಟ್ಟ. ಆ ನೀರನ್ನು ತಂಪು ಮಾಡಿ, ಸೋಡಾ ಗ್ಯಾಸ್ ಕೊಟ್ಟು ಪೀಪಾಯಿಗೆ ತುಂಬಲಾಯಿತು. ಗ್ಲೆನಿಸ್ ಅದನ್ನು 'ಅತಿ ತೆಳುವರ್ಣದ ಬಿಯರ್, ಧಾನ್ಯರಹಿತ' ಎಂಬ ಹೊಸ ವರ್ಗಕ್ಕೆ ಸೇರಿಸಿದರು.

ಮದುವೆ ನಮ್ಮ ಲೂಥರನ್ ಚರ್ಚಿನಲ್ಲಿ, ಊಟ ಅದರ ಪಕ್ಕದ ಸಮುದಾಯ ಭವನದಲ್ಲಿ. ಹುರಿದ ಸಾಸೇಜು, ಹಸಿ ಚೀಸಿನ ತುಂಡು, ಅಕಾರ್ಡಿಯನ್ ಬಾರಿಸುವವರು ಇಬ್ಬರು. ಎಲ್ಡನ್ ಪೀಪಾಯಿಯ ಪಕ್ಕ ಬಿಗಿಯಾದ ಕೋಟು ಹಾಕಿಕೊಂಡು ನಿಂತಿದ್ದ. ಮಗಳಿಗೆ ಇನ್ನೂ ಹೇಳಿರಲಿಲ್ಲ. ಹುಡುಗನ ಚಿಕ್ಕಪ್ಪ ಮಿಲ್ವಾಕೀ ಕಡೆಯವರು, ಬಿಯರಿಗೇ ಹೆಸರಾದ ಊರಿನವರು. ಮೊದಲ ಲೋಟ ಅವರಿಗೇ ಹೋಯಿತು. ಕುಡಿದರು, ಲೋಟ ನೋಡಿದರು, ಪಕ್ಕದಲ್ಲಿ ನಾವೆಲ್ಲ ಸಾಲಾಗಿ ನಿಂತದ್ದು ನೋಡಿದರು. ಬೇರೆ ಥರ ಇದೆ ಅಂದರು. ಎಲ್ಡನ್ ಕಣ್ಣು ಮುಚ್ಚಿಕೊಂಡ. ಚಿಕ್ಕಪ್ಪ ಲೋಟ ಮುಂದೆ ಮಾಡಿ, ಇನ್ನೊಂದು ಹಾಕಿ ಅಂದರು.

ಎಲ್ಡನ್ ಬಿಯರನ್ನು ಇನ್ನೊಂದು ಲೋಟ ಕೇಳಿದ ಮನುಷ್ಯನನ್ನು ಮುಲ್ಡೂನ್ ಫಾಲ್ಸ್ ಅದುವರೆಗೆ ಕಂಡಿರಲಿಲ್ಲ. ಆಮೇಲೆ ಸಾಲು ನಿಂತಿತು. ನಮ್ಮೂರವರಂತೂ ವರ್ಷಗಟ್ಟಲೆ ತಪ್ಪಿಸಿಕೊಂಡದ್ದಕ್ಕೆ ಪ್ರಾಯಶ್ಚಿತ್ತ ಅನ್ನುವ ಹಾಗೆ ಕುಡಿದರು. ಕುಣಿತ ಶುರುವಾಯಿತು. ಪಾದ್ರಿಯವರು ನಾಲ್ಕನೇ ಲೋಟಕ್ಕೆ ಕೋಟು ತೆಗೆದರು. ಚಿಕ್ಕಪ್ಪ ಆರು ಲೋಟ ಆಗಿದೆ, ಇನ್ನು ತಾನು ಗಾಡಿ ಓಡಿಸುವುದು ತರವಲ್ಲ ಎಂದು ಕಾರಿನ ಕೀಲಿಯನ್ನು ಪೊಲೀಸ್ ಮುಖ್ಯಸ್ಥ ಷೆರಿಫನ ಕೈಗೆ ಕೊಟ್ಟು ತೊದಲುತ್ತಾ ಕೂತರು. ಷೆರಿಫ್ ಕುಡಿತ ಅಳೆಯುವ, ಬಾಯಿಂದ ಊದುವ ಯಂತ್ರ ತಂದು ಪರೀಕ್ಷಿಸಿದ, ಸೊನ್ನೆ ತೋರಿಸಿತು. ಯಂತ್ರ ಕೆಟ್ಟಿದೆ ಅಂತ ಅದನ್ನು ರಿಪೇರಿಗೆ ಕಳಿಸಿದ.

ಈ ಗದ್ದಲದ ನಡುವೆ ಕಿರ್ಸ್ಟನ್ ಬಿಳಿ ಲಂಗ ಎತ್ತಿ ಹಿಡಿದುಕೊಂಡು ಅಪ್ಪನ ಹತ್ತಿರ ಬಂದಳು. ಲೋಟ ಹಿಡಿದಳು, ಒಂದು ಗುಟುಕು ಕುಡಿದಳು. ನಿಂತುಬಿಟ್ಟಳು.

"ಅಪ್ಪಾ, ಇದರಲ್ಲಿ ಏನಿದೆ?"

"ಏನೂ ಇಲ್ಲ ಮಗಳೇ."

"ಒಂದು ಕಾಳೂ?"

"ಹಾಕೋಕೆ ಧೈರ್ಯ ಬರಲಿಲ್ಲ," ಅಂದ ಎಲ್ಡನ್. "ನಾನು ಹಾಕಿದ್ರೆ ಕೆಡ್ತಿತ್ತು."

ಅವಳು ಪೂರ್ತಿ ಕುಡಿದು ಲೋಟ ಬೋರಲು ಮಾಡಿ ತೋರಿಸಿದಳು. "ಚಿಕ್ಕೋಳಿದ್ದಾಗ ನಾನು ಅಷ್ಟು ಗಟ್ಟಿಯಾಗಿ ಯಾಕೆ ಮುಚ್ಚಳ ಒತ್ತುತ್ತಿದ್ದೆ ಗೊತ್ತಾ? ಯಾರೂ ತೆಗೀಬಾರ್ದು ಅಂತ," ಅಂದಳು. "ನೀನು ಮಾಡಿದ್ರಲ್ಲಿ ಇದೇ ಚೆನ್ನಾಗಿರೋದು ಅಪ್ಪ. ಇನ್ನೊಂದು ಲೋಟ ಕೊಡು."

ಎಲ್ಡನ್ ನಕ್ಕ, ಅತ್ತ, ಆಮೇಲೆ ಅವಳ ಲೋಟ ತುಂಬಿಸಿದ. ನಾನೂ ಕನ್ನಡಕ ಒರೆಸಿಕೊಂಡೆ, ಇದು ವರದಿಗೆ ಸೇರಬೇಕಾದ ವಿಷಯವಲ್ಲ.

ವರದಿಗೆ ಸೇರಬೇಕಾದದ್ದು ಇದು. ಅಪ್ಪ ಮಗಳು ಕುಣಿಯಲು ಹೋದ ಹೊತ್ತಿಗೆ ಪೀಪಾಯಿ ಖಾಲಿಯಾಯಿತು. ಸಾಲು ಇನ್ನೂ ಬಾಗಿಲವರೆಗೆ ಇತ್ತು. ಗಂಡನ ಮಾನ ಹೋಗಬಾರದೆಂದು ಮಾರ್ಲಿಸ್ ಪೀಪಾಯಿಯನ್ನು ಭವನದ ಅಡುಗೆಮನೆಗೆ ಉರುಳಿಸಿಕೊಂಡು ಹೋಗಿ, ಪಾತ್ರೆ ತೊಳೆಯುವ ನಲ್ಲಿಯಿಂದ ತುಂಬಿಸಿ, ಗ್ಯಾಸ್ ಕೊಟ್ಟು ತಂದಿಟ್ಟರು. ಇದು ತಿಳಿಯದ ಗ್ಲೆನಿಸ್ ಅದನ್ನು ಕುಡಿದು ಕಣ್ಣು ಮುಚ್ಚಿದರು. ಕಣ್ಣು ತೆರೆದು ನಲವತ್ಮೂರು ಅಂದರು. ಪೀಪಾಯಿ ಮತ್ತೆ ಖಾಲಿಯಾಯಿತು.

ಮುಂದಿನ ಸಭೆಯಲ್ಲಿ ಮಾರ್ಲಿಸ್ ಇದನ್ನು ತಾವಾಗಿಯೇ ಹೇಳಿದರು. ಇಷ್ಟು ದಿನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು, ಇನ್ನಾದರೂ ನನ್ನ ಬಟ್ಟೆ ಯಂತ್ರದ ಪ್ಲಗ್ಗು ಬಿಟ್ಟುಕೊಡಿ ಎಂಬುದು ಅವರ ಅಹವಾಲು. ಸಭೆ ಗಂಭೀರವಾಗಿ ಚರ್ಚಿಸಿತು. ಯಾವ ದೀಪವೂ, ಗಂಟೆಯೂ, ಗುಂಡಿಯೂ ಇಲ್ಲದ ಒಂದು ನಲ್ಲಿಯಿಂದ ನಲವತ್ಮೂರು ಅಂಕದ ಬಿಯರ್ ಇಷ್ಟು ಕಾಲ ಯಾರ ನಿಯಂತ್ರಣಕ್ಕೂ ಒಳಪಡದೆ ಹರಿಯುತ್ತಿದ್ದುದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಸದರಿ ನಲ್ಲಿಗೆ ಕೆಂಪು, ಹಳದಿ ಮತ್ತು ಹಸಿರು ದೀಪ ಅಳವಡಿಸಲು ವೈರಿಂಗ್ ಉಪಸಮಿತಿಗೆ ಅಧಿಕಾರ ಕೊಡಲಾಯಿತು. ಉಪಸಮಿತಿಗೆ ಹೊಸ ಸದಸ್ಯರಾಗಿ ಎಲ್ಡನ್ ಸ್ಟೆನೆರುಡ್ ಆಯ್ಕೆಯಾದರು, ಬಿಯರ್ ತಯಾರಿಕೆಯಲ್ಲಿ ಅವರ ಸಾಧನೆಯನ್ನು ಪರಿಗಣಿಸಿ.

ಮಾರ್ಲಿಸ್ ಅವರ ಬಟ್ಟೆಗಳು ಕೊಳವೆಗಳ ಮೇಲೆಯೇ ಒಣಗುತ್ತಿವೆ. ಸಮುದಾಯ ಭವನದಲ್ಲಿ ಊಟವಾದ ಮೇಲೆ ಪಾತ್ರೆ ತೊಳೆಯುವ ಹೆಂಗಸರು ನಲ್ಲಿಯ ಮುಂದೆ ಹಸಿರು ದೀಪಕ್ಕಾಗಿ ಕಾಯುತ್ತಾ ನಿಂತಿರುತ್ತಾರೆ. ಇದುವರೆಗೆ ಯಾರಿಂದಲೂ ದೂರು ಬಂದಿಲ್ಲ. ಬೇರೆ ಥರ ಇದೆ ಅನ್ನುತ್ತಾರೆ, ಅಷ್ಟೆ.